ಲಾವಂಚದ ಬೇರಿನ ಒಳನಿವಾಸಿಗಳು

ದೆಹಲಿಯ ಬೇಸಗೆಯಲ್ಲಿ ಹಿಂದೆ ಬಾಗಿಲು ಕಿಟಕಿಗಳಿಗೆ ಕಟ್ಟಿ ನೀರೆರಚುತ್ತಿದ್ದ ಖಸ್ ತಟ್ಟಿ, ಮುಂಬಯಿ ಪುಣೆಗಳ ಮನೆಗಳಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುವ ವಾಳಾ, ಚೆನ್ನೈಯ ಅಂಗಡಿಗಳ ವೆಟ್ಟಿವೇರ್, ಹೈದರಾಬಾದಿನ ವಟ್ಟಿವೇರು - ಇವೆಲ್ಲವೂ ಕನ್ನಡಿಗರು ಲಾವಂಚವೆಂದೂ ಮುಡಿವಾಳವೆಂದೂ ಕರೆಯುವ ಒಂದೇ ಹುಲ್ಲಿನ ಬೇರುಗಳು. ಸಂಸ್ಕೃತದ ಉಶೀರವೂ ಇದೇ. ಚರಕಸಂಹಿತೆಯು ದಾಹವನ್ನು ಶಮನಗೊಳಿಸುವ ಹತ್ತು ದ್ರವ್ಯಗಳ ಗಣದಲ್ಲಿ ಇದನ್ನು ಸೇರಿಸಿದೆ. ಜ್ವರದಲ್ಲಿಯೂ ಬಾಯಾರಿಕೆಯಲ್ಲಿಯೂ ಕೊಡುವ ಷಡಂಗಪಾನೀಯದ ಆರು ಅಂಗಗಳಲ್ಲಿ ಇದೂ ಒಂದು. ಅಭಿಜ್ಞಾನಶಾಕುಂತಲದ ಮೂರನೆಯ ಅಂಕದಲ್ಲಿ ಶಕುಂತಲೆಯ ತಾಪಶಮನಕ್ಕಾಗಿ ಸಖಿ ಒಯ್ಯುವುದು ಉಶೀರದ ಲೇಪವನ್ನು.

ಈ ಬೇರಿನ ಪ್ರಸಿದ್ಧಿಗೆ ಮುಖ್ಯ ಕಾರಣ ಅದರೊಳಗಿರುವ ಸುಗಂಧತೈಲ. ಹುಲ್ಲಿನ ಬೇರಿನಲ್ಲಿ ದೊರೆಯುವ ತೈಲವನ್ನು ಹುಲ್ಲೇ ತಯಾರಿಸುತ್ತದೆಂಬುದು ಬಹುಕಾಲದವರೆಗೆ ಪ್ರಶ್ನೆಯಾಗಿಯೇ ಯಾರಿಗೂ ತೋರಿರಲಿಲ್ಲ. ಆದರೆ ೨೦೦೪ ಮತ್ತು ೨೦೦೮ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳ ಫಲಿತಾಂಶಗಳು ಈ ವಿಷಯವನ್ನು ಹೊಸದಾಗಿ ವಿಚಾರಿಸುವಂತೆ ಮಾಡಿದುವು. ಲಾವಂಚದ ಬೇರಿನ ಜೀವಕೋಶಗಳೊಳಗೆ, ತೈಲವು ಶೇಖರವಾಗುವ ಸ್ಥಳದಲ್ಲಿಯೇ, ಹಲವು ಬಗೆಯ ಬ್ಯಾಕ್ಟೀರಿಯಗಳು ವಾಸಿಸುತ್ತವೆಂದೂ, ಅವು ಆ ತೈಲವನ್ನು ಆಹಾರವಾಗಿ ಉಪಯೋಗಿಸಿ ಮಾರ್ಪಡಿಸಬಲ್ಲವೆಂದೂ ತಿಳಿದುಬಂದಿತು. ಹಾಗಾದರೆ ಲಾವಂಚದ ಪರಿಮಳವನ್ನು ಯಾರ ಲೆಕ್ಕಕ್ಕೆ ಜಮಾ ಮಾಡಬೇಕು? ಈ ಪ್ರಶ್ನೆಯ ಸ್ವರೂಪವನ್ನೂ, ಅದಕ್ಕೆ ಇಂದಿನ ವಿಜ್ಞಾನವು ಕೊಡಬಲ್ಲ ಉತ್ತರವನ್ನೂ, ಆ ಉತ್ತರದಿಂದ ಬೇಸಾಯಕ್ಕೂ ಔಷಧವಿಚಾರಕ್ಕೂ ಒದಗುವ ಪರಿಣಾಮಗಳನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೧. ಸಸ್ಯದೊಳಗೆ ಜೀವಿಗಳುಂಟೆಂಬ ಅರಿವು

ಆರೋಗ್ಯವಂತವಾದ ಗಿಡದ ಒಳಭಾಗವು ಸೂಕ್ಷ್ಮಜೀವಿಗಳಿಂದ ಪೂರ್ಣವಾಗಿ ಮುಕ್ತವಾಗಿರುವುದೆಂದೂ, ಅಲ್ಲಿ ಅವು ಕಂಡುಬಂದರೆ ಗಿಡಕ್ಕೆ ರೋಗ ತಗುಲಿದೆಯೆಂದೇ ಅರ್ಥವೆಂದೂ ಹತ್ತೊಂಬತ್ತನೆಯ ಶತಮಾನದ ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯವಾಗಿತ್ತು. ಜರ್ಮನಿಯ ಸಸ್ಯಶಾಸ್ತ್ರಜ್ಞ ಆಂಟನ್ ಡಿ ಬಾರಿಯು ಸಸ್ಯದ ಅಂಗಾಂಶಗಳೊಳಗೆ ಬೆಳೆಯುವ ಜೀವಿಗಳಿಗೆ ‘ಎಂಡೋಫೈಟ್’ ಎಂಬ ಹೆಸರನ್ನು ೧೮೬೬ರಲ್ಲಿಯೇ ಬಳಕೆಗೆ ತಂದನು. ಕನ್ನಡದಲ್ಲಿ ಇವನ್ನು ‘ಒಳನಿವಾಸಿ’ಗಳೆನ್ನಬಹುದು. ಆದರೆ ಆತನ ದೃಷ್ಟಿಯೂ ಹೆಚ್ಚಾಗಿ ರೋಗಕಾರಕ ಶಿಲೀಂಧ್ರಗಳ ಕಡೆಗೇ ಇದ್ದಿತು.

ಈ ಭಾವನೆಯನ್ನು ಮೊದಲು ಅಲುಗಿಸಿದುದು ದ್ವಿದಳಧಾನ್ಯಗಳ ಬೇರಿನ ಗಂಟುಗಳು. ಅವರೆ, ಹೆಸರು, ಕಡಲೆ ಮೊದಲಾದುವು ಗಾಳಿಯಲ್ಲಿನ ಸಾರಜನಕವನ್ನು ಬಳಸಿಕೊಳ್ಳುವುದು ಆ ಗಂಟುಗಳ ಸಹಾಯದಿಂದ ಎಂಬುದನ್ನು ಹೆಲ್‌ರೀಗೆಲನು ೧೮೮೬ರಲ್ಲಿ ಪ್ರಕಟಿಸಿದನು. ಎರಡು ವರ್ಷಗಳ ತರುವಾಯ ಹಾಲೆಂಡಿನ ಬೈಯೆರಿಂಕನು ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ಆದರೂ ಗಂಟೆಂಬುದು ಹೊರಗಿನ ಕಣ್ಣಿಗೂ ಕಾಣುವ ವಿಶೇಷ ಅಂಗ; ಅದನ್ನು ಸಾಮಾನ್ಯ ನಿಯಮಕ್ಕೆ ಅಪವಾದವೆಂದು ಬದಿಗಿಡುವುದು ಸುಲಭವಾಗಿತ್ತು. ಗಂಟಿಲ್ಲದ ಸಸ್ಯಗಳಲ್ಲಿಯೂ ಉಪಕಾರಿಗಳಾದ ಒಳನಿವಾಸಿಗಳಿರುವುದಕ್ಕೆ ಒಳ್ಳೆಯ ನಿದರ್ಶನ ಬ್ರೆಜಿಲಿನ ಕಬ್ಬಿನಲ್ಲಿ ದೊರೆಯಿತು. ಅಲ್ಲಿ ಯೊಹಾನಾ ಡೋಬರೈನರ್ ಮತ್ತು ಆಕೆಯ ಸಹೋದ್ಯೋಗಿ ೧೯೮೮ರಲ್ಲಿ ವರ್ಣಿಸಿದ, ಸಾರಜನಕವನ್ನು ಸ್ಥಿರೀಕರಿಸಬಲ್ಲ ಬ್ಯಾಕ್ಟೀರಿಯವು ಕಬ್ಬಿನ ಬೇರು ಕಾಂಡಗಳ ಒಳಗೆಯೇ ವಾಸಿಸುವಂಥದು; ಯಾವ ಗಂಟನ್ನೂ ಅದು ಉಂಟುಮಾಡುವುದಿಲ್ಲ. ಕಬ್ಬೂ ಹುಲ್ಲಿನ ಕುಟುಂಬಕ್ಕೆ ಸೇರಿದುದು. ಲಾವಂಚವೂ ಅದೇ ಕುಟುಂಬದ್ದು.

ಒಳನಿವಾಸಿಗಳು ಗಿಡದೊಳಗೆ ಸೇರುವ ಮಾರ್ಗಗಳು ಹಲವು. ಕವಲುಬೇರು ತಾಯಿಬೇರನ್ನು ಸೀಳಿಕೊಂಡು ಹೊರಬರುವಾಗ ಉಂಟಾಗುವ ಬಿರುಕು ಇವುಗಳಲ್ಲಿ ಮುಖ್ಯವಾದುದು. ಎಲೆಯ ಪತ್ರರಂಧ್ರಗಳು, ಕೀಟಗಳು ಮಾಡಿದ ಗಾಯಗಳು ಇತರ ಬಾಗಿಲುಗಳು. ಕೆಲವು ಬ್ಯಾಕ್ಟೀರಿಯಗಳು ಬೀಜದೊಳಗೇ ಇದ್ದು ತಲೆಮಾರಿನಿಂದ ತಲೆಮಾರಿಗೆ ಸಾಗುವುದೂ ಉಂಟು. ಸಾಮಾನ್ಯವಾಗಿ ಅವುಗಳ ಸಂಖ್ಯೆ ಬೇರಿನಲ್ಲಿ ಹೆಚ್ಚು, ಕಾಂಡ ಎಲೆಗಳಿಗೆ ಏರಿದಂತೆ ಕಡಿಮೆ. ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಸ್ವತಂತ್ರವಾಗಿ ನಡೆದು ೨೦೧೨ರಲ್ಲಿ ಪ್ರಕಟವಾದ ಎರಡು ವಿಸ್ತಾರವಾದ ಅಧ್ಯಯನಗಳು ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯವನ್ನು ಬೇರೆ ಬೇರೆ ಮಣ್ಣುಗಳಲ್ಲಿ ಬೆಳೆಸಿ ಪರೀಕ್ಷಿಸಿದುವು. ಬೇರಿನೊಳಗೆ ಯಾರು ಬರಬಹುದೆಂಬುದನ್ನು ಮೊದಲು ನಿರ್ಣಯಿಸುವುದು ಮಣ್ಣು. ಬಂದವರಲ್ಲಿ ಯಾರು ನಿಲ್ಲಬಹುದೆಂಬುದನ್ನು ನಿರ್ಣಯಿಸುವುದು ಸಸ್ಯ - ಇದು ಎರಡು ಅಧ್ಯಯನಗಳ ಸಾರಾಂಶ. ಮಣ್ಣಿನಲ್ಲಿರುವ ಅಸಂಖ್ಯ ಬಗೆಗಳಲ್ಲಿ ಕೆಲವಕ್ಕೆ ಮಾತ್ರ ಒಳಗೆ ಪ್ರವೇಶ ದೊರೆಯುತ್ತದೆ. ಆದುದರಿಂದ ಒಳನಿವಾಸಿಗಳನ್ನು ದಾರಿ ತಪ್ಪಿ ಒಳಸೇರಿದ ಮಣ್ಣಿನ ಜೀವಿಗಳೆಂದು ಮಾತ್ರ ತಿಳಿಯುವುದು ಸರಿಯಾಗದು.

೨. ಪರೀಕ್ಷೆಯ ಕ್ರಮ

ಬೇರಿನ ಮೇಲಿರುವ ಜೀವಿ ಯಾವುದು, ಒಳಗಿರುವ ಜೀವಿ ಯಾವುದು ಎಂಬುದನ್ನು ವಿಂಗಡಿಸುವುದೇ ಈ ಶಾಸ್ತ್ರದ ಮೊದಲ ಕಷ್ಟ. ಇದಕ್ಕಾಗಿ ಬೇರನ್ನು ತೊಳೆದು, ಮದ್ಯಸಾರದಲ್ಲಿಯೂ ಸೋಡಿಯಂ ಹೈಪೋಕ್ಲೋರೈಟಿನ ದ್ರಾವಣದಲ್ಲಿಯೂ ನಿಯಮಿತ ಕಾಲ ಅದ್ದಿ, ಹೊರಮೈಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆ. ಅನಂತರ ಶುದ್ಧಜಲದಲ್ಲಿ ಹಲವು ಸಲ ತೊಳೆದು, ಕೊನೆಯ ಸಲದ ನೀರನ್ನು ಪೋಷಕಮಾಧ್ಯಮದ ಮೇಲೆ ಹಾಕಿ ನೋಡುತ್ತಾರೆ. ಆ ನೀರಿನಿಂದ ಏನೂ ಬೆಳೆಯದಿದ್ದರೆ ಮಾತ್ರ, ಬೇರನ್ನು ಅರೆದು ಬೆಳೆಸಿದಾಗ ಕಾಣಿಸಿಕೊಳ್ಳುವ ಜೀವಿಗಳು ಒಳಗಿನವೆಂದು ಹೇಳಲು ಬರುತ್ತದೆ. ಈ ತಾಳೆನೋಡುವಿಕೆಯನ್ನು ಬಿಟ್ಟು ಮಾಡಿದ ಯಾವ ವರದಿಗೂ ಬೆಲೆಯಿಲ್ಲ.

ಎರಡನೆಯ ಕಷ್ಟವೆಂದರೆ, ಒಳಗಿರುವ ಜೀವಿಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ಮಾಧ್ಯಮದಲ್ಲಿ ಬೆಳೆಯಲೊಲ್ಲವು. ಬೆಳೆಯುವವನ್ನು ಮಾತ್ರ ಎಣಿಸಿದರೆ ಊರಿನ ಜನರಲ್ಲಿ ಚಾವಡಿಗೆ ಬಂದವರನ್ನಷ್ಟೇ ಎಣಿಸಿದಂತಾಗುತ್ತದೆ. ಆದುದರಿಂದ ಅಂಗಾಂಶದಲ್ಲಿರುವ ಒಟ್ಟು ಡಿ.ಎನ್.ಎ.ಯನ್ನು ತೆಗೆದು, ಎಲ್ಲ ಬ್ಯಾಕ್ಟೀರಿಯಗಳಲ್ಲಿಯೂ ಇರುವ ಒಂದು ನಿರ್ದಿಷ್ಟ ಜೀನಿನ ಅಕ್ಷರಕ್ರಮವನ್ನು ಓದಿ, ಅದರ ಭೇದಗಳಿಂದ ಬ್ಯಾಕ್ಟೀರಿಯಗಳ ವರ್ಗಗಳನ್ನು ಗುರುತಿಸುವ ವಿಧಾನವನ್ನೂ ಜೊತೆಗೆ ಅನುಸರಿಸುತ್ತಾರೆ. ಇಲ್ಲಿಯೂ ಒಂದು ತೊಡಕುಂಟು. ಸಸ್ಯಕೋಶದ ಹರಿದ್ರೇಣು ಮತ್ತು ಮೈಟೊಕಾಂಡ್ರಿಯಗಳು ಬಹು ಪುರಾತನ ಕಾಲದಲ್ಲಿ ಜೀವಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಗಳ ಸಂತತಿಯೇ ಆಗಿರುವುದರಿಂದ, ಅದೇ ಜೀನು ಅವುಗಳಲ್ಲಿಯೂ ಇದ್ದು, ಲೆಕ್ಕದಲ್ಲಿ ಸೇರಿಕೊಂಡುಬಿಡುತ್ತದೆ. ಅವನ್ನು ಜಾಗರೂಕತೆಯಿಂದ ಕಳೆಯಬೇಕು. ಸಸ್ಯವೆಂದು ಎಣಿಸುತ್ತಿರುವುದರಲ್ಲಿಯೇ ಹಳೆಯ ಒಳನಿವಾಸಿಗಳು ಕರಗಿಹೋಗಿರುವರೆಂಬುದು ಈ ತೊಡಕಿನಿಂದ ಪ್ರಾಸಂಗಿಕವಾಗಿ ಮನವರಿಕೆಯಾಗುತ್ತದೆ.

೩. ಲಾವಂಚ ಮತ್ತು ಅದರ ತೈಲ

ಲಾವಂಚದ ಇಂದಿನ ಶಾಸ್ತ್ರೀಯ ನಾಮ ಕ್ರೈಸೋಪೊಗಾನ್ ಜಿಜಾನಿಯಾಯ್ಡೀಸ್. ಹಳೆಯ ಪುಸ್ತಕಗಳಲ್ಲಿ ಇದು ವೆಟಿವೇರಿಯ ಜಿಜಾನಿಯಾಯ್ಡೀಸ್ ಎಂದಿರುವುದು. ಬುಡದಲ್ಲಿ ದಟ್ಟವಾದ ಪೊದೆಯಾಗಿ ಬೆಳೆಯುವ ಈ ಹುಲ್ಲಿನ ಬೇರುಗಳು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತವೆ. ಅನುಕೂಲವಾದ ಮಣ್ಣಿನಲ್ಲಿ ಮೂರು ನಾಲ್ಕು ಮೀಟರು ಆಳಕ್ಕೆ ಹೋಗುವುದುಂಟು. ಮಣ್ಣಿನ ಸವಕಳಿಯನ್ನು ತಡೆಯಲು ಇದು ಬಹಳ ಸಮರ್ಥವಾದುದೆಂದು ವಿಶ್ವಬ್ಯಾಂಕಿನ ತಜ್ಞರು ೧೯೮೦ರ ದಶಕದಲ್ಲಿ ಪ್ರಚಾರ ಮಾಡಿದರು. ಆದರೆ ಮೈಸೂರು ಸೀಮೆಯ ಗುಂಡ್ಲುಪೇಟೆಯ ಸುತ್ತಿನ ರೈತರು ಅದಕ್ಕೆ ಬಹು ಹಿಂದಿನಿಂದಲೇ ತಮ್ಮ ಹೊಲಗಳ ಬದುಗಳ ಮೇಲೆ ಲಾವಂಚದ ಸಾಲುಗಳನ್ನು ಬೆಳೆಸಿಕೊಂಡು ಬಂದಿದ್ದರು. ಆ ತಜ್ಞರ ಗಮನವನ್ನು ಸೆಳೆದ ನಿದರ್ಶನಗಳಲ್ಲಿ ಇದೂ ಒಂದು.

ಲಾವಂಚದಲ್ಲಿ ಎರಡು ಮುಖ್ಯ ಬಗೆಗಳುಂಟು. ಉತ್ತರ ಭಾರತದ ಬಗೆಯು ಹೂ ಬಿಟ್ಟು ಬೀಜ ಕಟ್ಟುತ್ತದೆ. ದಕ್ಷಿಣ ಭಾರತದ ಬಗೆಯಲ್ಲಿ ಬೀಜ ಕಟ್ಟುವುದು ಇಲ್ಲವೆನ್ನುವಷ್ಟು ವಿರಳ. ಅದನ್ನು ಬುಡದ ಕಂದುಗಳನ್ನು ಸೀಳಿ ನೆಟ್ಟು ವೃದ್ಧಿಪಡಿಸಬೇಕು. ಎರಡರ ತೈಲಗಳೂ ಬೇರೆ. ಧ್ರುವೀಕೃತ ಬೆಳಕಿನ ಸಮತಲವನ್ನು ಉತ್ತರದ ತೈಲವು ಎಡಕ್ಕೆ ತಿರುಗಿಸಿದರೆ ದಕ್ಷಿಣದ ತೈಲವು ಬಲಕ್ಕೆ ತಿರುಗಿಸುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಎಸ್. ಸಿ. ಭಟ್ಟಾಚಾರ್ಯರೂ ಅವರ ಸಹಾಯಕರೂ ಖಸ್ ತೈಲದ ಘಟಕಗಳ ರಚನೆಯನ್ನು ಬಿಡಿಸುವ ಮಹತ್ತ್ವದ ಕಾರ್ಯವನ್ನು ೧೯೬೦ರ ದಶಕದಲ್ಲಿ ನಡೆಸಿದರು.

ಬೇರಿನ ಒಣತೂಕದಲ್ಲಿ ತೈಲವು ಸಾಮಾನ್ಯವಾಗಿ ಶೇಕಡಾ ಒಂದರ ಆಸುಪಾಸು ಮಾತ್ರ. ಅದೂ ಭಾರವಾದ, ಸುಲಭವಾಗಿ ಆವಿಯಾಗದ ತೈಲವಾದುದರಿಂದ ಅದನ್ನು ಬಟ್ಟಿಯಿಳಿಸಲು ಅನೇಕ ಗಂಟೆಗಳ ಕಾಲ ಹಬೆ ಹಾಯಿಸಬೇಕು. ಅದರಲ್ಲಿ ನೂರಕ್ಕೂ ಹೆಚ್ಚು ಘಟಕಗಳಿವೆ. ಬಹುಪಾಲು ಹದಿನೈದು ಇಂಗಾಲದ ಪರಮಾಣುಗಳುಳ್ಳ ಸೆಸ್ಕ್ವಿಟರ್ಪೀನ್ ವರ್ಗದವು. ಖುಸಿಮಾಲ್, ಆಲ್ಫಾ ವೆಟಿವೋನ್, ಬೀಟಾ ವೆಟಿವೋನ್ ಇವು ಪ್ರಮುಖವಾದುವು. ಇಷ್ಟಾದರೂ ಪರಿಮಳದ ಮುಖ್ಯ ಭಾಗಕ್ಕೆ ಕಾರಣವಾದುದು ಇವಾವುದೂ ಅಲ್ಲವೆಂದೂ, ತೈಲದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ಕೀಟೋನೆಂದೂ ಜರ್ಮನಿಯ ಬೆಂಜಮಿನ್ ಲಿಸ್ಟ್ ಮತ್ತು ಅವರ ಸಂಗಡಿಗರು ಅದನ್ನು ಕೃತಕವಾಗಿ ತಯಾರಿಸಿ ೨೦೨೧ರಲ್ಲಿ ತೋರಿಸಿದರು. ಮುಂದಿನ ವಿಚಾರಕ್ಕೆ ಇದು ಅವಶ್ಯವಾದ ಅಂಶ. ಏಕೆಂದರೆ ತೈಲದ ಅಲ್ಪಭಾಗವನ್ನು ಮಾತ್ರ ಮಾರ್ಪಡಿಸುವ ಕ್ರಿಯೆಯೂ ಅದರ ವಾಸನೆಯನ್ನು ಗಣನೀಯವಾಗಿ ಬದಲಾಯಿಸಬಲ್ಲುದು.

೪. ಬೇರಿನೊಳಗೆ ಕಂಡುದು

ಬೇರನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಗಿನ ಸಿಪ್ಪೆ, ಅದರ ಒಳಗೆ ಮೃದುಕೋಶಗಳ ತೊಗಟೆಯ ಪದರ, ನಡುವೆ ನೀರು ಆಹಾರಗಳನ್ನು ಸಾಗಿಸುವ ನಾಳಗಳ ಕಂಬ - ಇವು ಕಾಣುತ್ತವೆ. ತೈಲವಿರುವುದು ತೊಗಟೆಯ ಪದರದ ಒಳಭಾಗದ ಕೋಶಗಳಲ್ಲಿ. ಅಲ್ಲಲ್ಲಿ ಜೀವಕೋಶಗಳು ಕರಗಿ ಉಂಟಾದ ಪೊಳ್ಳುಗಳೂ ಇದ್ದು, ಅವುಗಳಲ್ಲಿಯೂ ತೈಲವು ಸೇರಿಕೊಳ್ಳುತ್ತದೆ.

ಅಮೆರಿಕದ ರಾಬರ್ಟ್ ಆಡಮ್ಸ್ ಮತ್ತು ಸಹೋದ್ಯೋಗಿಗಳು ೨೦೦೪ರಲ್ಲಿ ಒಂದು ಸರಳವಾದ ಹೋಲಿಕೆಯನ್ನು ಪ್ರಕಟಿಸಿದರು. ಒಂದು ಕಡೆ ಸಾಮಾನ್ಯವಾದ ಲಾವಂಚ. ಇನ್ನೊಂದು ಕಡೆ ಬ್ಯಾಕ್ಟೀರಿಯ ಶಿಲೀಂಧ್ರಗಳಿಂದ ಮುಕ್ತಗೊಳಿಸಿದ ಲಾವಂಚ. ಎರಡರ ತೈಲಗಳೂ ಒಂದೇ ಆಗಿರಲಿಲ್ಲ. ಸೂಕ್ಷ್ಮಜೀವಿರಹಿತವಾಗಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಲಾವಂಚವು ಲೇಶಮಾತ್ರ ತೈಲವನ್ನು ಕೊಡುತ್ತದೆಂದೂ, ಅದರ ಘಟಕಗಳು ಹೊಲದ ಲಾವಂಚದ ತೈಲದವುಗಳಿಗಿಂತ ಬಹಳ ಬೇರೆಯೆಂದೂ ಕಂಡುಬಂದಿತು.

ಇದರ ಕಾರಣವನ್ನು ಹುಡುಕಿದವರು ಇಟಲಿಯ ಸಂಶೋಧಕರು. ಡೆಲ್ ಜ್ಯೂಡಿಚೆ, ಮಾಫೆಯಿ, ಅಲಿಫಾನೊ ಮೊದಲಾದವರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ಸಂಗತಿಗಳಿವೆ. ಮೊದಲನೆಯದಾಗಿ, ತೈಲವನ್ನು ತಯಾರಿಸುವ ಮೃದುಕೋಶಗಳಲ್ಲಿಯೂ ತೈಲದ ಪೊಳ್ಳುಗಳಲ್ಲಿಯೂ ಬ್ಯಾಕ್ಟೀರಿಯಗಳಿರುವುದನ್ನು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪ್ರತ್ಯಕ್ಷವಾಗಿ ಕಂಡರು. ಎರಡನೆಯದಾಗಿ, ಅವು ಒಂದೇ ಜಾತಿಯವಲ್ಲ, ಹಲವು ವಂಶಗಳಿಗೆ ಸೇರಿದ ಒಂದು ಸಮುದಾಯವೆಂಬುದನ್ನು ಗುರುತಿಸಿದರು. ಪ್ರೋಟಿಯೊಬ್ಯಾಕ್ಟೀರಿಯ ವರ್ಗದ ಮೂರು ಶಾಖೆಗಳು, ಗ್ರಾಮ್ ಬಣ್ಣವನ್ನು ಹಿಡಿಯುವ ಒಂದು ಗುಂಪು, ಪ್ರಯೋಗಶಾಲೆಯಲ್ಲಿ ಬೆಳೆಸುವುದು ಕಠಿನವಾದ ಆಸಿಡೊಬ್ಯಾಕ್ಟೀರಿಯ ಬಳಗದವು - ಇವೆಲ್ಲ ಅದರಲ್ಲಿದ್ದುವು. ಮೂರನೆಯದಾಗಿ, ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಬೇರೆ ಇಂಗಾಲದ ಆಹಾರವಿಲ್ಲದೆ ಲಾವಂಚದ ತೈಲವನ್ನೇ ತಿಂದು ಬೆಳೆಯಬಲ್ಲವಾಗಿದ್ದುವು. ಹಾಗೆ ಬೆಳೆಯುವಾಗ ಮಾರುಕಟ್ಟೆಯ ಲಾವಂಚತೈಲದಲ್ಲಿ ಸಾಮಾನ್ಯವಾಗಿ ಕಾಣುವ ಹಲವಾರು ಘಟಕಗಳನ್ನು ಹೊರಬಿಡುತ್ತಿದ್ದುವು. ನಾಲ್ಕನೆಯದಾಗಿ, ಅವುಗಳಲ್ಲಿ ಕೆಲವು ಲಾವಂಚದ ಸ್ವಂತ ಜೀನೊಂದನ್ನು ಪ್ರಚೋದಿಸುತ್ತಿದ್ದುವು. ಸೆಸ್ಕ್ವಿಟರ್ಪೀನನ್ನು ಕಟ್ಟುವ ಕಿಣ್ವದ ಜೀನದು.

ಲಾವಂಚದ ತೈಲವು ಗಿಡಕ್ಕೆ ರಕ್ಷಣೆಯ ಸಾಧನವೂ ಹೌದು. ಅದರಲ್ಲಿರುವ ನೂಟ್‌ಕಾಟೋನ್ ಗೆದ್ದಲನ್ನು ಓಡಿಸುತ್ತದೆಂಬುದು ಅಮೆರಿಕದ ಲೂಸಿಯಾನದ ಪರೀಕ್ಷೆಗಳಿಂದ ಸಿದ್ಧವಾಗಿದೆ. ಗೆದ್ದಲು ಹತ್ತಿರ ಸುಳಿಯದ ಈ ದ್ರವ್ಯದ ನಡುವೆಯೇ ಬ್ಯಾಕ್ಟೀರಿಯಗಳು ಬಾಳುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಇತರರಿಗೆ ಅಸಹ್ಯವಾದುದನ್ನು ಆಹಾರವಾಗಿಸಿಕೊಳ್ಳಬಲ್ಲ ಜೀವಿಗೆ ಅಂಥ ಸ್ಥಳವು ಸ್ಪರ್ಧೆಯಿಲ್ಲದ ಮನೆಯಾಗುತ್ತದೆ.

೫. ತೈಲದ ಕರ್ತೃತ್ವ

ಈ ಸಂಗತಿಗಳಿಂದ ‘ಲಾವಂಚದ ತೈಲವನ್ನು ತಯಾರಿಸುವುದು ಬ್ಯಾಕ್ಟೀರಿಯ’ ಎಂದು ಹೇಳಿಬಿಡುವ ಆತುರವು ಜನಪ್ರಿಯ ಬರಹಗಳಲ್ಲಿ ಕಂಡುಬರುತ್ತದೆ. ಅದು ಅವಸರದ ತೀರ್ಮಾನ. ಸಸ್ಯದಲ್ಲಿರುವ ವಸ್ತುವೊಂದು ಒಳನಿವಾಸಿಯ ಸೃಷ್ಟಿಯೆಂದು ಹೇಳಬೇಕಾದರೆ ಕೆಲವು ಪರೀಕ್ಷೆಗಳಲ್ಲಿ ಆ ಮಾತು ಗೆಲ್ಲಬೇಕು. ಜೀವಿಯು ಆ ವಸ್ತುವಿರುವ ಸ್ಥಳದಲ್ಲಿಯೇ ಇರಬೇಕು. ಜೀವಿಯನ್ನು ತೆಗೆದರೆ ವಸ್ತುವು ಇಲ್ಲವಾಗಬೇಕು, ಇಲ್ಲವೆ ಕಡಿಮೆಯಾಗಬೇಕು. ಬೇರ್ಪಡಿಸಿದ ಜೀವಿಯು ತಾನಾಗಿಯೇ ಅದನ್ನು ತಯಾರಿಸಬೇಕು. ಅದಕ್ಕೆ ಬೇಕಾದ ಜೀನುಗಳು ಆ ಜೀವಿಯಲ್ಲಿ ದೊರೆಯಬೇಕು. ಕೊನೆಗೆ, ಜೀವಿಯನ್ನು ಗಿಡಕ್ಕೆ ಮರಳಿ ಸೇರಿಸಿದಾಗ ವಸ್ತುವೂ ಮರಳಬೇಕು.

ಈ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಗೆದ್ದಿರುವ ನಿದರ್ಶನವೊಂದು ಆಫ್ರಿಕದಿಂದ ಬಂದಿದೆ. ಇಥಿಯೋಪಿಯದ ಮೇಟೆನಸ್ ಎಂಬ ಪೊದೆಯಿಂದ ಅಮೆರಿಕದ ಮಾರಿಸ್ ಕುಪ್‌ಚನ್ ೧೯೭೨ರಲ್ಲಿ ಮೇಟಾನ್ಸಿನ್ ಎಂಬ ತೀವ್ರವಾದ ಅರ್ಬುದನಿರೋಧಕವನ್ನು ಪ್ರಕಟಿಸಿದರು. ಅದಾದ ಐದು ವರ್ಷಗಳಿಗೆ, ೧೯೭೭ರಲ್ಲಿ, ಜಪಾನಿನ ಸಂಶೋಧಕರು ಅದನ್ನೇ ಹೋಲುವ ದ್ರವ್ಯಗಳನ್ನು ಒಂದು ಬ್ಯಾಕ್ಟೀರಿಯದಿಂದ ಪಡೆದರು. ಮೇಟಾನ್ಸಿನ್ನಿನ ವರ್ಗದ ದ್ರವ್ಯಗಳು ಒಂದೇ ಜಾತಿಯ ಕೆಲವು ಗಿಡಗಳಲ್ಲಿದ್ದು ಕೆಲವಲ್ಲಿ ಇಲ್ಲದಿರುವುದನ್ನು ಜರ್ಮನಿಯ ಬಾನ್ ನಗರದ ವಿಜ್ಞಾನಿಗಳು ೨೦೦೩ರಲ್ಲಿ ತೋರಿಸಿದರು. ಗಿಡದ ಸ್ವಂತ ಸೃಷ್ಟಿಯಾಗಿದ್ದರೆ ಹೀಗಾಗುವುದು ಕಷ್ಟ. ಮೇಟೆನಸಿನ ಹತ್ತಿರದ ಸಂಬಂಧಿಯಾದ ಪುಟ್ಟರ್ಲಿಕಿಯದ ಬೇರಿನ ತೊಗಟೆಯೊಳಗಿನ ಬ್ಯಾಕ್ಟೀರಿಯಗಳ ಸಮುದಾಯವೇ ಅದನ್ನು ತಯಾರಿಸುವುದೆಂದು ಅದೇ ದೇಶದಲ್ಲಿ ೨೦೧೪ರಲ್ಲಿ ವರದಿಯಾಯಿತು. ಮೇಟಾನ್ಸಿನ್ನಿನ ಒಂದು ರೂಪಾಂತರವನ್ನು ಜೋಡಿಸಿದ ಸ್ತನದ ಅರ್ಬುದದ ಔಷಧಿಗೆ ಅಮೆರಿಕದಲ್ಲಿ ೨೦೧೩ರಲ್ಲಿ ಅನುಮತಿ ದೊರೆತಿದೆ.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಪೆಸಿಫಿಕ್ ತೀರದ ಯೂ ಮರದ ಒಳನಿವಾಸಿಯಾದ ಶಿಲೀಂಧ್ರವೊಂದು ಟ್ಯಾಕ್ಸಾಲನ್ನು ತಯಾರಿಸುತ್ತದೆಂದು ೧೯೯೩ರಲ್ಲಿ ಪ್ರಕಟವಾದಾಗ ದೊಡ್ಡ ಆಶೆ ಮೂಡಿತು. ಇಪ್ಪತ್ತು ವರ್ಷಗಳ ಮೇಲೆ, ೨೦೧೩ರಲ್ಲಿ, ಆ ಶಿಲೀಂಧ್ರವನ್ನೂ ಅಂಥ ಇತರ ಶಿಲೀಂಧ್ರಗಳನ್ನೂ ಮತ್ತೆ ಪರೀಕ್ಷಿಸಿದವರಿಗೆ ಸ್ವತಂತ್ರವಾದ ತಯಾರಿಕೆಯ ಆಧಾರವು ಸಿಕ್ಕಲಿಲ್ಲ.

ಈ ಎರಡರ ಮಧ್ಯದಲ್ಲಿ ನಿಲ್ಲುವುದು ಕ್ಯಾಂಪ್ಟೊಥೆಸಿನ್ನಿನ ಪ್ರಕರಣ. ಈ ಅರ್ಬುದನಿರೋಧಕವನ್ನು ಚೀನದ ಒಂದು ಮರದಿಂದ ಮನ್ರೋ ವಾಲ್ ಮತ್ತು ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರ ಮನ್ಸುಖ್ ವಾನಿ ೧೯೬೬ರಲ್ಲಿ ಬೇರ್ಪಡಿಸಿದರು. ಸಹ್ಯಾದ್ರಿಯ ದುರ್ವಾಸನೆ ಮರದಲ್ಲಿಯೂ ಅದಿರುವುದನ್ನು ೧೯೭೨ರಲ್ಲಿ ಪ್ರಕಟಿಸಿದವರು ಮುಂಬಯಿಯ ಗೋರೆಗಾಂವಿನ ಸಂಶೋಧನಾ ಕೇಂದ್ರದ ಗೋವಿಂದಾಚಾರಿ ಮತ್ತು ವಿಶ್ವನಾಥನ್. ಆ ಮರದ ಬಳಗಕ್ಕೆ ಸೇರಿದ ಒಂದು ಬಳ್ಳಿಯ ಎಲೆ, ಕಾಂಡ, ಹಣ್ಣುಗಳಿಂದ ತೆಗೆದ ನಾಲ್ಕು ಬ್ಯಾಕ್ಟೀರಿಯಗಳು ಕ್ಯಾಂಪ್ಟೊಥೆಸಿನ್ನನ್ನು ಕೊಡುವುದಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಸಹಯೋಗಿಗಳೂ ೨೦೧೭ರಲ್ಲಿ ವರದಿ ಮಾಡಿದ್ದಾರೆ. ಬ್ಯಾಕ್ಟೀರಿಯದೊಳಗಿನ ಪ್ಲಾಸ್ಮಿಡ್ ಎಂಬ ಬಿಡಿಯಾದ ಡಿ.ಎನ್.ಎ. ಬಳೆಯನ್ನು ತೊಲಗಿಸಿಯೂ ಮತ್ತೆ ಸೇರಿಸಿಯೂ ಪರೀಕ್ಷಿಸಿದಾಗ, ತಯಾರಿಕೆಯಲ್ಲಿ ಆ ಬಳೆಗೆ ಪಾತ್ರವಿರಬಹುದೆಂದು ಅವರಿಗೆ ತೋರಿತು. ಆದರೆ ಇದೇ ದ್ರವ್ಯವನ್ನು ಕೊಡುವ ಶಿಲೀಂಧ್ರಗಳ ವಿಷಯದಲ್ಲಿ ಒಂದು ವಿಲಕ್ಷಣವಾದ ನಡವಳಿಕೆ ಕಂಡುಬಂದಿದೆ. ಗಿಡದಿಂದ ಹೊರತೆಗೆದು ಪಾತ್ರೆಯಿಂದ ಪಾತ್ರೆಗೆ ಬದಲಾಯಿಸಿ ಬೆಳೆಸುತ್ತ ಹೋದಂತೆ, ಕೆಲವೇ ತಲೆಮಾರುಗಳಲ್ಲಿ ತಯಾರಿಕೆ ಕುಗ್ಗಿಹೋಗುತ್ತದೆ. ಹೀಗೆ ಕುಗ್ಗಿದ ಶಿಲೀಂಧ್ರವನ್ನು ಮರಳಿ ಆಶ್ರಯಸಸ್ಯದೊಳಗೆ ಸೇರಿಸಿದಾಗ ಅದು ಕಳೆದುಕೊಂಡ ಶಕ್ತಿಯನ್ನು ಪಡೆದುಕೊಂಡುದನ್ನು ಬೆಂಗಳೂರಿನವರೇ ೨೦೧೫ರಲ್ಲಿ ಪ್ರಕಟಿಸಿದರು.

ಇನ್ನು ಲಾವಂಚವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಬ್ಯಾಕ್ಟೀರಿಯಗಳು ತೈಲದ ಸ್ಥಳದಲ್ಲಿಯೇ ಇವೆ. ಮೊದಲ ಪರೀಕ್ಷೆ ತೀರಿತು. ಅವುಗಳನ್ನು ತೆಗೆದರೆ ತೈಲವು ಕುಗ್ಗುತ್ತದೆ. ಆದರೆ ಈ ಎರಡನೆಯ ಆಧಾರವು ತೋರುವಷ್ಟು ಗಟ್ಟಿಯಲ್ಲ. ಸೂಕ್ಷ್ಮಜೀವಿರಹಿತವಾದ ಗಿಡವು ಎಳೆಯದು. ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೆಳೆದುದು. ಅದರ ಬೇರು ಮಣ್ಣನ್ನೇ ಕಂಡಿಲ್ಲ. ಹೊಲದ ಬೇರಾದರೊ ಒಂದೂವರೆ ವರ್ಷದವರೆಗೂ ಬಲಿತುದು. ಇವೆರಡರ ಅಂತರವನ್ನೆಲ್ಲ ಬ್ಯಾಕ್ಟೀರಿಯದ ಅಭಾವಕ್ಕೇ ಹೊರಿಸುವುದು ನ್ಯಾಯವಲ್ಲ. ಮೂರನೆಯ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಗಳು ಮಾಡಿ ತೋರಿಸಿದುದು ಕೊಟ್ಟ ತೈಲದ ಪರಿವರ್ತನೆಯನ್ನು. ಬರಿಯ ಸಕ್ಕರೆಯಿಂದ ತೈಲದ ನಿರ್ಮಾಣವನ್ನಲ್ಲ. ಜೀನುಗಳ ವಿಷಯವು ಇನ್ನೂ ಸ್ಪಷ್ಟ. ಖುಸಿಮಾಲಿಗೆ ಮೂಲವಾದ ಜಿಜಾಯೀನ್ ಎಂಬ ಅಣುವನ್ನು ಕಟ್ಟುವ ಕಿಣ್ವವು ಲಾವಂಚದ ಸ್ವಂತ ಜೀನಿನಿಂದಲೇ ಬರುವುದೆಂದು ಜರ್ಮನಿಯಲ್ಲಿ ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ.

ಆದುದರಿಂದ ಇಂದಿನ ಆಧಾರಗಳಿಗೆ ಒಪ್ಪುವ ನಿರ್ಣಯ ಹೀಗೆ: ತೈಲದ ಅಣುಗಳ ಅಸ್ಥಿಪಂಜರವನ್ನು ಕಟ್ಟುವುದು ಹುಲ್ಲು. ಅದನ್ನು ಕಟ್ಟುವ ಕಾರ್ಯವನ್ನು ಚುರುಕುಗೊಳಿಸುವುದರಲ್ಲಿಯೂ, ಕಟ್ಟಿದುದನ್ನು ಹಲವು ರೂಪಗಳಿಗೆ ತಿರುಗಿಸುವುದರಲ್ಲಿಯೂ ಬ್ಯಾಕ್ಟೀರಿಯಗಳ ಕೈವಾಡವಿರುವುದು ಬಹುಮಟ್ಟಿಗೆ ಸಂಭವನೀಯ. ಇದರಲ್ಲಿ ಯಾರ ಪಾಲು ಎಷ್ಟೆಂಬುದು ಇನ್ನೂ ತೀರ್ಮಾನವಾಗದ ಲೆಕ್ಕ.

೬. ಕಂದಿನೊಡನೆ ಸಾಗುವುದು

ಈ ಲೆಕ್ಕವು ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ದಕ್ಷಿಣದ ಲಾವಂಚವು ಬೀಜದಿಂದ ಬರದೆ ಕಂದಿನಿಂದ ಬರುವುದೆಂದು ಮೇಲೆ ಹೇಳಿದೆ. ಬೀಜವು ಚಿಕ್ಕದು, ಅದರೊಳಗೆ ಸಾಗಬಲ್ಲ ಒಳನಿವಾಸಿಗಳು ಕೆಲವೇ. ಬೇರಿನ ತುಂಡು ಅಂಟಿಕೊಂಡ ಕಂದಾದರೊ ತನ್ನೊಳಗಿನ ಸಮುದಾಯವನ್ನು ಹೊತ್ತುಕೊಂಡೇ ಹೊಸ ಹೊಲಕ್ಕೆ ಹೋಗುತ್ತದೆ. ಅಲ್ಲಿನ ಮಣ್ಣಿನಿಂದ ಹೊಸಬರೂ ಸೇರುತ್ತಾರೆ. ಆಡಮ್ಸ್ ಮತ್ತು ಡ್ಯಾಫೋರ್ನ್ ೧೯೯೦ರ ದಶಕದ ಉತ್ತರಾರ್ಧದಲ್ಲಿ ದಕ್ಷಿಣ ಏಷ್ಯದ ಹೊರಗಿನ ೨೯ ದೇಶಗಳಿಂದ ಬಂದ ೬೦ ಮಾದರಿಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದಾಗ ೫೩ ಮಾದರಿಗಳು ಒಂದೇ ಗಿಡದ ಕಂದುಗಳ ಸಂತತಿಯೆಂದು ತಿಳಿದುಬಂದಿತು. ಭೂಮಂಡಲವನ್ನು ಸುತ್ತಿರುವ ಲಾವಂಚವು ಬಹುಮಟ್ಟಿಗೆ ಒಂದೇ ಗಿಡ. ಆದರೂ ಹೈಟಿ, ಜಾವಾ, ರೆಯೂನಿಯನ್ ದ್ವೀಪಗಳ ತೈಲಗಳ ವಾಸನೆ ಒಂದೇ ಅಲ್ಲವೆಂಬುದು ಅತ್ತರಿನ ವ್ಯಾಪಾರಿಗಳೆಲ್ಲರಿಗೂ ತಿಳಿದ ವಿಷಯ. ಹವೆ, ಬೇರಿನ ವಯಸ್ಸು, ಬಟ್ಟಿಯಿಳಿಸುವ ರೀತಿ ಇವು ಅದಕ್ಕೆ ಕಾರಣಗಳಾಗಿರುವುದು ನಿಶ್ಚಯ. ಜಾವಾದ ತೈಲದ ಹೊಗೆವಾಸನೆಯು ಬಟ್ಟಿಯ ಕ್ರಮದಿಂದಲೇ ಬಂದುದೆನ್ನುತ್ತಾರೆ. ಇವುಗಳ ಜೊತೆಗೆ ಆಯಾ ಮಣ್ಣಿನಿಂದ ಬೇರಿನೊಳಗೆ ಸೇರಿದ ಜೀವಿಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂಬುದೇ ಮೇಲಿನ ಸಂಶೋಧನೆಗಳ ಸೂಚನೆ.

ಈ ದೃಷ್ಟಿಯಿಂದ ಮೂರು ವಿಷಯಗಳು ವಿಚಾರಾರ್ಹವಾಗಿವೆ.

ಮೊದಲನೆಯದು ಸಸಿಗಳ ತಯಾರಿಕೆ. ರೋಗರಹಿತವಾದ ಸಸಿಗಳನ್ನು ಸಾವಿರಗಟ್ಟಲೆ ಪಡೆಯುವುದಕ್ಕೆ ಅಂಗಾಂಶ ಕೃಷಿಯು ಉತ್ತಮ ಮಾರ್ಗ. ಆದರೆ ರೋಗಕಾರಕವನ್ನು ತೊಲಗಿಸುವ ಶುದ್ಧಿಯು ಉಪಕಾರಿಯನ್ನೂ ತೊಲಗಿಸುತ್ತದೆ. ಬಾಳೆಗಾಗಲಿ ಕಬ್ಬಿಗಾಗಲಿ ಒಳ್ಳೆಯದಾದ ಕ್ರಮವು, ಬೇರಿನ ತೈಲಕ್ಕಾಗಿಯೇ ಬೆಳೆಸುವ ಗಿಡಕ್ಕೂ ಹಾಗೆಯೇ ಒಳ್ಳೆಯದೆಂದು ಪರೀಕ್ಷೆಯಿಲ್ಲದೆ ನಂಬಲಾಗದು. ಅಂಥ ಸಸಿಗಳನ್ನು ಹೊಲಕ್ಕೆ ಕಳುಹಿಸುವ ಮೊದಲು, ಹಳೆಯ ಲಾವಂಚದ ಹೊಲದ ಮಣ್ಣಿನಲ್ಲಿ ಅವುಗಳನ್ನು ಕೆಲವು ಕಾಲ ಬೆಳೆಸಿ, ತೈಲದ ಪ್ರಮಾಣವನ್ನೂ ಘಟಕಗಳನ್ನೂ ಕಂದಿನ ಗಿಡಗಳೊಡನೆ ಹೋಲಿಸಿ ನೋಡುವುದು ದೊಡ್ಡ ಖರ್ಚಿನ ಕೆಲಸವೂ ಅಲ್ಲ.

ಎರಡನೆಯದು ಔಷಧದ್ರವ್ಯಗಳ ಪರೀಕ್ಷೆ. ಔಷಧಿಯ ಬೇರನ್ನು ಕೊಳ್ಳುವವನು ಅದರ ಜಾತಿಯನ್ನು ನೋಡುತ್ತಾನೆ. ಹೆಚ್ಚೆಂದರೆ ತೈಲದ ಅಂಶವನ್ನು ಅಳೆಯಿಸುತ್ತಾನೆ. ಒಂದೇ ಜಾತಿಯ, ಒಂದೇ ಸಂತತಿಯ ಬೇರು ಬೇರೆ ಮಣ್ಣಿನಲ್ಲಿ ಬೇರೆ ಸಂಗಡಿಗರೊಡನೆ ಬೆಳೆದು ಬೇರೆ ಗುಣವನ್ನು ತಾಳಬಹುದಾದರೆ, ಜಾತಿಯ ಹೆಸರೊಂದೇ ಗುಣಕ್ಕೆ ಜಾಮೀನಾಗಲಾರದು. ಔಷಧಸಸ್ಯವನ್ನು ಆರಿಸುವಾಗ ಅದು ಬೆಳೆದ ಭೂಮಿಯ ಲಕ್ಷಣಗಳನ್ನೂ ಪರೀಕ್ಷಿಸಬೇಕೆಂದು ಆಯುರ್ವೇದಗ್ರಂಥಗಳು ವಿಧಿಸಿರುವುದುಂಟು. ಆ ವಿಧಿಯನ್ನು ಮಾಡಿದವರಿಗೆ ಬ್ಯಾಕ್ಟೀರಿಯದ ಕಲ್ಪನೆ ಇತ್ತೆಂದು ಇದರಿಂದ ವಾದಿಸುವುದು ಅಸಂಬದ್ಧ. ಅವರು ಅನುಭವದಿಂದ ಕಂಡ ಭೇದಕ್ಕೆ ಕಾರಣಗಳಲ್ಲಿ ಒಂದು ಇದಾಗಿರಬಹುದೆಂದು ಮಾತ್ರ ಹೇಳಬಹುದು.

ಮೂರನೆಯದು, ಒಳನಿವಾಸಿಯು ದೊರೆತ ಮೇಲೆ ಗಿಡದ ಅವಶ್ಯಕತೆ ತೀರಿತೆಂಬ ಆಶೆ. ಸಹ್ಯಾದ್ರಿಯ ದುರ್ವಾಸನೆ ಮರವನ್ನು ಕ್ಯಾಂಪ್ಟೊಥೆಸಿನ್ನಿಗಾಗಿ ವಿಪರೀತವಾಗಿ ಕಡಿದು ಸಾಗಿಸಿರುವುದರಿಂದ, ಬ್ಯಾಕ್ಟೀರಿಯವನ್ನೋ ಶಿಲೀಂಧ್ರವನ್ನೋ ತೊಟ್ಟಿಯಲ್ಲಿ ಬೆಳೆಸಿ ಮರವನ್ನು ಉಳಿಸಬಹುದೆಂಬ ಅಪೇಕ್ಷೆಯು ಸಹಜವೂ ಶ್ಲಾಘ್ಯವೂ ಆಗಿದೆ. ಆದರೆ ಆಶ್ರಯವನ್ನು ಬಿಟ್ಟ ಒಳನಿವಾಸಿಯು ತನ್ನ ವಿದ್ಯೆಯನ್ನು ಮರೆಯುವುದನ್ನು ಮೇಲೆ ನೋಡಿದುದಾಯಿತು. ಅದನ್ನು ಎಚ್ಚರಿಸಲು ಮತ್ತೆ ಗಿಡವೇ ಬೇಕಾಗುತ್ತದೆ. ಮತ್ತು ಯಾವ ಗಿಡದಲ್ಲಿ ಯಾವ ಸಮುದಾಯವಿದೆಯೆಂಬುದನ್ನು ಇನ್ನೂ ಎಣಿಸಿಯೇ ಮುಗಿದಿಲ್ಲ. ಒಂದು ಕಾಡಿನ ಮರಗಳು ಹೋದರೆ ಅವುಗಳೊಳಗಿನ, ಹೆಸರಿಡದ ಜೀವಿಗಳೂ ಅವುಗಳೊಡನೆಯೇ ಹೋಗುತ್ತವೆ. ಅವು ಪ್ರಯೋಗಶಾಲೆಯ ಪಾತ್ರೆಯಲ್ಲಿ ಬೆಳೆಯದಂಥವಾದರೆ ಅವನ್ನು ಉಳಿಸಿಕೊಳ್ಳುವ ಬೇರೆ ಭಂಡಾರವಿಲ್ಲ.

ಲಾವಂಚಕ್ಕೆ ಅಂಥ ವಿನಾಶದ ಭಯವಿಲ್ಲ; ಬದುವಿನ ಮೇಲೆ ಒಮ್ಮೆ ನಿಂತರೆ ಅದು ಹಲವು ತಲೆಮಾರುಗಳಿಗೆ ನಿಲ್ಲುವ ಹುಲ್ಲು. ಆದುದರಿಂದಲೇ ಸಸ್ಯದ ಒಳಗಿನ ಸಮುದಾಯವನ್ನು ನಿಧಾನವಾಗಿ, ವರ್ಷಾನುಗಟ್ಟಲೆ ಪರೀಕ್ಷಿಸಲು ಅದು ಅನುಕೂಲವಾದುದು. ಗುಂಡ್ಲುಪೇಟೆಯ ಹಳೆಯ ಬದುಗಳ ಲಾವಂಚ, ಕರಾವಳಿಯ ಮರಳುಮಣ್ಣಿನ ಲಾವಂಚ, ಉತ್ತರದ ಬೀಜ ಕಟ್ಟುವ ಖಸ್ - ಇವುಗಳ ಬೇರುಗಳನ್ನು ಒಟ್ಟಿಗೆ ಇಟ್ಟು, ಒಳನಿವಾಸಿಗಳನ್ನೂ ತೈಲವನ್ನೂ ಜೊತೆಜೊತೆಯಾಗಿ ಅಳೆದು, ಅನಂತರ ಒಂದರ ಕಂದನ್ನು ಇನ್ನೊಂದರ ಮಣ್ಣಿನಲ್ಲಿ ನೆಟ್ಟು ಮತ್ತೆ ಅಳೆದರೆ, ಹುಲ್ಲಿನ ಪಾಲೆಷ್ಟು, ಮಣ್ಣಿನ ಪಾಲೆಷ್ಟು, ಸಂಗಡಿಗರ ಪಾಲೆಷ್ಟು ಎಂಬುದು ಬಹುಮಟ್ಟಿಗೆ ಬೇರ್ಪಡುತ್ತದೆ. ಇದಕ್ಕೆ ಬೇಕಾದ ಹುಲ್ಲೂ ಮಣ್ಣೂ ಈ ದೇಶದಲ್ಲಿಯೇ ಇವೆ; ಅದರ ರಸಾಯನವನ್ನು ಅರಿತ ಪರಂಪರೆ ಪುಣೆಯಲ್ಲಿಯೂ, ಒಳನಿವಾಸಿಗಳನ್ನು ಪರೀಕ್ಷಿಸಿದ ಪರಂಪರೆ ಬೆಂಗಳೂರಿನಲ್ಲಿಯೂ ಬೆಳೆದುಬಂದಿವೆ.